ಕ್ರೋಮ್ ಅಂಚಿನ ಹದಿನಾಲ್ಕು ಕೊಕ್ಕೆ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಶೆಡ್ಡಿನ ಮುಂದೆ ಹಾರ್ನ್ ಕೂಗಿದ ರೀತಿಗೇ ಪೇಂಟರನಿಗೆ ಗೊತ್ತಾಯಿತು, ಬಂದವಳು ಅಕ್ಕ ಎಂದು. ಬೇರೆಯವರು ಹಾರ್ನ್ ಒತ್ತಿ ಬಿಡುತ್ತಾರೆ. ಅಕ್ಕ ಒತ್ತಿದರೆ ಯಾರಾದರೂ ಹೊರಗೆ ಬಂದು ಮುಖ ತೋರಿಸುವವರೆಗೆ ಕೈ ತೆಗೆಯುವವಳಲ್ಲ. ಬಾಗಿಲು ತಟ್ಟುವುದೂ ಹಾಗೆಯೇ, ಫೋನ್ ಮಾಡುವುದೂ ಹಾಗೆಯೇ.

ಪೇಂಟರ್ ಓಡಿಹೋಗಿ ಗೇಟು ತೆಗೆದ. ಇಟ್ಟಿಗೆ ಬಣ್ಣದ ಹಳೆಯ ಕಾರು ಎರಡು ಸಲ ಎಗರಿ, ಒಂದು ಸಲ ಕೆಮ್ಮಿ, ಶೆಡ್ಡಿನ ನಟ್ಟನಡುವೆ ಬಂದು ನಿಂತಿತು. ಎಡಗಡೆಯ ಚಕ್ರಗಳು ಅಣ್ಣನ ಪಾಲಿಗೆ ಬಂದವು, ಬಲಗಡೆಯವು ಪೇಂಟರನ ಪಾಲಿಗೆ. ಕಾರಿನ ಹೊಟ್ಟೆಯ ಅಡಿಯಲ್ಲಿ ಬಿಳಿ ಗೆರೆ ಮಲಗಿತ್ತು.

ಆ ಗೆರೆಯ ವಿಷಯ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಶೆಡ್ಡು ಅಣ್ಣ ತಮ್ಮ ಇಬ್ಬರದು. ಅಣ್ಣ ಟಿಂಕರ್: ಗುದ್ದಿಸಿಕೊಂಡು ಬಂದ ಕಾರಿನ ತಗಡನ್ನು ಬಡಿದು ನೆಟ್ಟಗೆ ಮಾಡುವುದು, ಉಳಿದ ತಗ್ಗಿಗೆ ಪುಟ್ಟಿ ಮೆತ್ತಿ ಉಜ್ಜುವುದು ಅವನ ಕೆಲಸ. ಅದರ ಮೇಲೆ ಬಣ್ಣ ಹೊಡೆಯುವುದು ತಮ್ಮನ ಕೆಲಸ. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಸೂರಿನಡಿ ಕಚ್ಚಾಡಿಕೊಂಡು, ನಕ್ಕುಕೊಂಡು, ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡು ದುಡಿದಿದ್ದರು. ಎಂಟು ತಿಂಗಳ ಹಿಂದೆ ಬೇಕರಿಯವನೊಬ್ಬ ತನ್ನ ವ್ಯಾನಿನ ಬಾಗಿಲು ಹಿಡಿದುಕೊಂಡು ವಾಪಸ್ ಬಂದ. ಬಣ್ಣ ಹೊಡೆದು ಇಪ್ಪತ್ತು ದಿನ ಆಗಿರಲಿಲ್ಲ, ಸುಟ್ಟ ಕೈ ಮೇಲಿನ ಬೊಬ್ಬೆಯ ಹಾಗೆ ಬಾಗಿಲ ತುಂಬಾ ಗುಳ್ಳೆ ಎದ್ದಿದ್ದವು. "ಪುಟ್ಟಿ ಹಸಿ ಇತ್ತು" ಎಂದ ತಮ್ಮ. "ಪುಟ್ಟಿ ಒಣಗೋ ಮುಂಚೆ ಬಣ್ಣ ಬಿತ್ತು" ಎಂದ ಅಣ್ಣ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪೇಂಟರ್ ಬೇಕರಿಯವನ ಎದುರಿಗೇ, "ನಿನ್ನ ಕೈಯೇ ಸರಿ ಇಲ್ಲ" ಎಂದುಬಿಟ್ಟ.

ಅಲ್ಲಿಗೆ ಮಾತು ನಿಂತಿತು. ಮಾರನೆಯ ದಿನ ಪೇಂಟರ್ ಶೆಡ್ಡಿನ ನಡುವೆ ಗೆರೆ ಎಳೆದ. ಸಿಟ್ಟಿನಲ್ಲಿ ಎಳೆದ ಗೆರೆ ಎಂದು ಯಾರೂ ಹೇಳಲಾರರು. ಎರಡೂ ಕಡೆ ಟೇಪು ಅಂಟಿಸಿ, ಮೊದಲು ಪ್ರೈಮರ್, ಮೇಲೆ ಎರಡು ಕೋಟ್ ಬಿಳಿ, ಅದರ ಮೇಲೆ ಹೊಳಪಿನ ಲ್ಯಾಕರ್ ಕೂಡ ಹೊಡೆದಿದ್ದ. ಕೆಟ್ಟ ಕೆಲಸ ಮಾಡಲು ಅವನ ಕೈ ಒಪ್ಪುತ್ತಿರಲಿಲ್ಲ, ಜಗಳದಲ್ಲೂ.

ಅಂದಿನಿಂದ ಪೇಂಟರನಿಗೆ ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದ: "ಯಾರಾದರೂ ಕಂಪ್ರೆಸರ್ ಆಫ್ ಮಾಡಿದರೆ ಚೆನ್ನಾಗಿರುತ್ತಿತ್ತು." ಅಣ್ಣ ಅಷ್ಟೂ ಹೇಳುತ್ತಿರಲಿಲ್ಲ. ತನ್ನ ಕಬ್ಬಿಣದ ದಿಮ್ಮಿಯ ಮೇಲೆ ಸುತ್ತಿಗೆಯಿಂದ ಕುಟ್ಟುತ್ತಿದ್ದ. ಒಂದು ಏಟು ಎಂದರೆ ಆಗಲಿ. ಎರಡು ಏಟು ಎಂದರೆ ಆಗುವುದಿಲ್ಲ. ಸಣ್ಣದಾಗಿ ಟಕಟಕಟಕ ಎಂದು ಒಂದೇ ಸಮ ಕುಟ್ಟಿದರೆ, ಅಯ್ಯೋ ಪೆದ್ದೇ ಎಂದು ಅರ್ಥ. ಎಂಟು ತಿಂಗಳಿಂದ ಹೆಚ್ಚಾಗಿ ಕೇಳಿಸುತ್ತಿದ್ದುದು ಮೂರನೆಯದೇ.

ಆದರೆ ಹೆಂಡತಿಯರ ಮಧ್ಯೆ ಗೆರೆ ಇರಲಿಲ್ಲ. ಅತ್ತಿಗೆಯೂ ಪೇಂಟರನ ಹೆಂಡತಿಯೂ ದಿನಕ್ಕೆ ಮೂರು ಸಲ ಫೋನಿನಲ್ಲಿ ಮಾತಾಡುತ್ತಿದ್ದರು. ಹಾಗಾಗಿಯೇ ಪೇಂಟರನಿಗೆ ಗೊತ್ತಾಗಿದ್ದು: ಭಾನುವಾರ ಅಣ್ಣ ತನ್ನ ಸಾಮಾನೆಲ್ಲ ಕಟ್ಟಿಕೊಂಡು ಬಸ್ ಡಿಪೋ ಪಕ್ಕದ ಬೇರೆ ಶೆಡ್ಡಿಗೆ ಹೋಗುತ್ತಾನೆ. ದಿಮ್ಮಿ ಹೊರಲು ಜನಕ್ಕೂ ಹೇಳಿ ಆಗಿದೆ. ಅಣ್ಣನನ್ನು ನಿಲ್ಲಿಸುವ ಮಾತು ಯಾವುದೆಂದು ಪೇಂಟರನಿಗೆ ಗೊತ್ತಿತ್ತು. ಆ ವ್ಯಾನಿನ ಬಾಗಿಲಿನ ತಪ್ಪು ಅವನದೇ. ಅಣ್ಣ ಅವತ್ತು ಹೋಗುವಾಗ, "ಬೆಳಿಗ್ಗೆ ತನಕ ಮುಟ್ಟಬೇಡ" ಎಂದಿದ್ದ. ಇವನು ಬೆರಳಿಟ್ಟು ನೋಡಿ, ಒಣಗಿದಂತಿದೆ ಎಂದು ಸಾಯಂಕಾಲವೇ ಬಣ್ಣ ಹೊಡೆದಿದ್ದ. ಜಗಳದ ನಡುವೆಯೇ ಅದು ನೆನಪಾಗಿತ್ತು. ನೆನಪಾದ ಮೇಲೆ ಇನ್ನೂ ಜೋರಾಗಿ ಕೂಗಾಡಿದ್ದ. ಮನುಷ್ಯರು ಮಾಡುವುದೇ ಹಾಗೆ. ಆಡಬೇಕಾದ ಮಾತು ಎರಡೇ, ಅವು ಎಂಟು ತಿಂಗಳಿಂದ ಗಂಟಲಲ್ಲೇ ತುಕ್ಕು ಹಿಡಿಯುತ್ತಿದ್ದವು.

ಅಕ್ಕ ಕಾರಿನಿಂದ ಇಳಿದು ಬಾಗಿಲನ್ನು ಧಡಾರನೆ ಹಾಕಿದಳು. ಲಾಂಡ್ರಿ ನಡೆಸುವವಳು, ಐವತ್ತಮೂರನೇ ವಯಸ್ಸಿಗೆ ಲೈಸೆನ್ಸ್ ತೆಗೆದುಕೊಂಡು, ಅದೇ ವಾರ ಹಳೆಯ ಕಾರು ಕೊಂಡವಳು.

"ಇದರ ಮೂತಿ ನೋಡೋ" ಎಂದಳು, ಕಾರಿನ ಮುಂದೆ ನಿಂತು.

ಪೇಂಟರ್ ನೋಡಿದ. ಕಪ್ಪು ಪ್ಲಾಸ್ಟಿಕ್ ಗ್ರಿಲ್, ಅದರ ಸುತ್ತ ಬೆರಳಗಲದ ಕ್ರೋಮ್ ಅಂಚು, ಫಳಫಳ ಹೊಳೆಯುತ್ತಿತ್ತು. "ಚೆನ್ನಾಗೇ ಇದೆಯಲ್ಲ."

"ಏನು ಚೆನ್ನಾಗಿದೆ? ಹಲ್ಲಿನ ಸೆಟ್ಟು ಬಾಯಿಂದ ಜಾರಿದ ಹಾಗಿದೆ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ನನ್ನನ್ನೇ ನೋಡಿ ಹಲ್ಲು ಕಿರಿಯುತ್ತೆ. ನನಗೆ ಬೇಡ ಇದು. ಆ ಹೊಳೆಯೋದನ್ನ ಬಿಚ್ಚಿ ಕೊಡು, ಗ್ರಿಲ್ಲಿಗೆ ಕಾರಿನ ಬಣ್ಣವೇ ಹೊಡಿ. ಇವತ್ತು ಸಾಯಂಕಾಲಕ್ಕೆ ಆಗಬೇಕು."

"ಸಾಯಂಕಾಲಕ್ಕಾ?"

"ನಾಳೆ ಬೆಳಿಗ್ಗೆ ಆರಕ್ಕೆ ನಾವು ಅಣೆಕಟ್ಟು ನೋಡೋಕೆ ಹೋಗ್ತಿದ್ದೀವಿ. ನಾನೇ ಡ್ರೈವರು."

ನಾವು ಎಂದರೆ ಡ್ರೈವಿಂಗ್ ಸ್ಕೂಲಿನಲ್ಲಿ ಅವಳ ಜೊತೆ ಕಲಿತ ಹೆಂಗಸರು. ಒಟ್ಟು ನಾಲ್ವರು, ಎಲ್ಲರ ವಯಸ್ಸು ಕೂಡಿಸಿದರೆ ಇನ್ನೂರ ಇಪ್ಪತ್ತು ದಾಟುತ್ತದೆ. ಅವರಲ್ಲೊಬ್ಬಳು ಲೆಕ್ಕದ ಟೀಚರಾಗಿ ನಿವೃತ್ತಿಯಾದವಳು. ಹಿಂದಕ್ಕೆ ಓಡಿಸುವುದನ್ನು ಕಲಿಯಲು ಹನ್ನೊಂದು ವಾರ ತೆಗೆದುಕೊಂಡಿದ್ದರಿಂದ ಎಲ್ಲರ ಬಾಯಲ್ಲೂ ರಿವರ್ಸ್ ಮೇಡಂ.

"ರಿವರ್ಸ್ ಮೇಡಂ ಹತ್ತಿರ ಇರೋದೂ ಇದೇ ಕಾರು. ಗೇಟಿಗೆ ಗುದ್ದಿ ಕ್ರೋಮ್ ಮುರಕೊಂಡಿದ್ದಾಳೆ. ನಂದು ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಹಿಂದುಗಡೆ ಹದಿನಾಲ್ಕು ಕೊಕ್ಕೆ ಇದೆಯಂತೆ, ಎಣಿಸಿ ಹೇಳಿದ್ದಾಳೆ. ಒಂದು ಮುರಿದರೂ ನಿನ್ನ ಹಲ್ಲು ಮುರೀತೀನಿ."

ಕ್ರೋಮಿನ ಮೇಲೇ ಬಣ್ಣ ಹೊಡೆದು ಕೈ ತೊಳೆದುಕೊಳ್ಳುವ ಪೇಂಟರುಗಳು ಬೇಕಾದಷ್ಟಿದ್ದಾರೆ. ಅವರ ಬಣ್ಣ ಮೂರು ತಿಂಗಳಿಗೆ ಬಿಸಿಲಿಗೆ ಸುಲಿದ ಚರ್ಮದ ಹಾಗೆ ಎದ್ದು ಬರುತ್ತದೆ. ನಮ್ಮ ಪೇಂಟರ್ ಅಂಥವನಲ್ಲ. ಕ್ರೋಮ್ ತೆಗೆದೇ ಹೊಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆಗೆಯುವವರು ಯಾರು?

"ಬಿಚ್ಚೋದು ನನ್ನ ಕೆಲಸ ಅಲ್ಲ" ಎಂದ.

"ಮತ್ತೆ ಯಾರದು?"

"ಬೇರೆಯವರದು." ಗೋಡೆಯ ಕಡೆ ನೋಡಿಕೊಂಡು ಹೇಳಿದ.

ಗೆರೆಯ ಆಚೆಯಿಂದ ಎರಡು ಏಟು ಬಿದ್ದವು. ಟಣ್, ಟಣ್.

"ಏನಂತೆ?"

"ಅವರದೂ ಅಲ್ಲವಂತೆ."

ಅಕ್ಕ ಅತ್ತ ನೋಡಿದಳು, ಇತ್ತ ನೋಡಿದಳು. ಕೆಳಗೆ ಬಿದ್ದಿದ್ದ ಸ್ಪ್ಯಾನರ್ ಎತ್ತಿಕೊಂಡು ಖಾಲಿ ಡ್ರಮ್ಮಿನ ಮೇಲೆ ಶೆಡ್ಡೇ ಹಾರಿಹೋಗುವ ಹಾಗೆ ಆರೇಳು ಸಲ ಬಡಿದಳು. ಪಾರಿವಾಳಗಳು ತಗಡಿನ ಮೇಲಿಂದ ಎದ್ದವು.

"ನನಗೂ ಬರುತ್ತೆ ಈ ಭಾಷೆ. ಅರ್ಥ ಆಯ್ತಾ ಇಬ್ಬರಿಗೂ? ಸಾಯಂಕಾಲ ಐದು ಗಂಟೆ." ಹೇಳಿದವಳೇ ಒಂದು ಸ್ಟೂಲ್ ಎಳೆದುಕೊಂಡು ಸರಿಯಾಗಿ ಬಿಳಿ ಗೆರೆಯ ಮೇಲೆ ಹಾಕಿಕೊಂಡು ಕೂತಳು.

ಪೇಂಟರ್ ಒಬ್ಬನೇ ಶುರು ಮಾಡಿದ. ಗ್ರಿಲ್ಲನ್ನೇ ಕಳಚಿಕೊಂಡರೆ ಕೆಲಸ ಸುಲಭ, ಆದರೆ ಅದರ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು, ಮುಟ್ಟಿದರೆ ಮುರಿಯುವ ಹಾಗಿತ್ತು. ಕಾರಿನ ಮೇಲೇ ಮಾಡಬೇಕು. ಬಾನೆಟ್ ಎತ್ತಿದ. ಕೆಟಲಿನಲ್ಲಿ ನೀರು ಕಾಯಿಸಿ ಪ್ಲಾಸ್ಟಿಕ್ ಮೆತ್ತಗಾಗಲೆಂದು ಅಂಚಿನ ಉದ್ದಕ್ಕೂ ಹೊಯ್ದ. ಹಿಂದಿನಿಂದ ಕೈ ತೂರಿಸಿ ಮೊದಲ ಕೊಕ್ಕೆ ಒತ್ತಿದ, ಮುಂದಕ್ಕೆ ಓಡಿಬಂದು ಕ್ರೋಮ್ ಎಳೆದ. ಅಷ್ಟರಲ್ಲಿ ಕೊಕ್ಕೆ ಟಪ್ ಎಂದು ತನ್ನ ತೂತಿಗೆ ವಾಪಸ್ ಕೂತಿತ್ತು.

ಬಣ್ಣ ಕಲಸುವ ಐಸ್‌ಕ್ರೀಮ್ ಕಡ್ಡಿಗಳು ನೆನಪಾದವು. ಒಂದು ಕೊಕ್ಕೆ ಒತ್ತಿ ಕಡ್ಡಿ ಸಿಗಿಸಿದ. ಎರಡನೆಯದಕ್ಕೂ ಸಿಗಿಸಿದ. ನಾಲ್ಕನೆಯದಕ್ಕೆ ಸಿಗಿಸುವಾಗ ಮೊದಲನೆಯದು ಟಪ್. ಐದನೆಯದಕ್ಕೆ ಮೂರನೆಯದು ಟಪ್. ಪೇಂಟರ್ ಹಿಂದೆ ಮುಂದೆ, ಹಿಂದೆ ಮುಂದೆ ಓಡುತ್ತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಮೂರು... ನಾಲ್ಕು... ಐದು..." ಅಕ್ಕ ಸ್ಟೂಲಿನ ಮೇಲಿಂದ ಎಣಿಸುತ್ತಿದ್ದಳು. "ಅಯ್ಯೋ, ನಾಲ್ಕು. ಮೂರು. ಎರಡು. ಅಂಗಡಿಯ ಲಿಫ್ಟ್ ಹಾಗೆ ಆಯ್ತಲ್ಲೋ ನಿನ್ನ ಕಥೆ."

"ಅಕ್ಕ, ಸುಮ್ಮನೆ ಇರ್ತೀಯಾ?"

"ನಾನು ಸುಮ್ಮನೇ ಇದ್ದೀನಿ. ಎಣಿಸ್ತಾ ಇದ್ದೀನಿ ಅಷ್ಟೇ."

ಆಚೆಯಿಂದ ಟಕಟಕಟಕ ಶುರುವಾಯಿತು.

ಪೇಂಟರನಿಗೆ ರೇಗಿತು. ಕಡ್ಡಿಗಳನ್ನೆಲ್ಲ ನೆಲಕ್ಕೆ ಬಿಸಾಡಿದ. ಗೋಡೆಯ ಮೇಲೆ ನೇತುಹಾಕಿದ್ದ, ಮೊಳದುದ್ದದ ದೊಡ್ಡ ಸ್ಕ್ರೂಡ್ರೈವರ್ ಕಿತ್ತುಕೊಂಡು ಬಂದು ಕ್ರೋಮಿನ ಸಂದಿಗೆ ಇಟ್ಟು, ಮೀಟಲು ಕೈ ಎತ್ತಿದ.

"ಲೇ!"

ಪೇಂಟರನ ಕೈ ಅಲ್ಲೇ ನಿಂತಿತು. ಅದು ಸುತ್ತಿಗೆಯ ಸದ್ದಲ್ಲ. ಎಂಟು ತಿಂಗಳ ಮೇಲೆ ಅಣ್ಣನ ಬಾಯಿಂದ ತನ್ನ ಕಡೆಗೆ ಬಂದ ಮೊದಲ ಮಾತು; ಇದ್ದದ್ದು ಒಂದೇ ಅಕ್ಷರ.

ಅಣ್ಣ ಎದ್ದು ಬಂದ. ತನ್ನ ಪಾಲಿನ ಕಡೆಯಿಂದಲೇ ಬಂದು ಬಾನೆಟ್ಟಿನ ಕೆಳಗೆ ಬಗ್ಗಿ ನಿಂತ. ಜೀವಮಾನವೆಲ್ಲ ಸುತ್ತಿಗೆ ಹಿಡಿದವನಾದರೂ ಅವನ ಬೆರಳುಗಳು ಉದ್ದ, ತೆಳು. ಪೇಂಟರನ ಬೆರಳುಗಳೋ ಗಿಡ್ಡ, ದಪ್ಪ. ಚಿಕ್ಕವರಿದ್ದಾಗ ಅಮ್ಮ, ನಿಮ್ಮಿಬ್ಬರ ಕೈಗಳು ಆಸ್ಪತ್ರೆಯಲ್ಲಿ ಅದಲುಬದಲಾಗಿವೆ ಎಂದು ನಗುತ್ತಿದ್ದಳು.

"ಅಕ್ಕ" ಎಂದ ಅಣ್ಣ, ಬಾನೆಟ್ಟಿನ ಒಳಗಿಂದಲೇ. "ನಿನ್ನ ತಮ್ಮನಿಗೆ ಹೇಳು, ಎಡಗಡೆ ಮೇಲಿಂದ ಶುರು ಮಾಡಬೇಕು ಅಂತ."

"ಯಾವ ತಮ್ಮನಿಗೆ? ನನಗೆ ಇಬ್ಬರಿದ್ದಾರೆ."

"ಮುಂದೆ ಕೂತಿರೋ ಪೆದ್ದನಿಗೆ."

"ಅಕ್ಕ" ಎಂದ ಪೇಂಟರ್. "ಒಳಗೆ ತಲೆ ಹಾಕಿರೋ ದೊಡ್ಡ ಮನುಷ್ಯರಿಗೆ ಹೇಳು, ಯಾರ ಎಡಗಡೆ ಅಂತ."

"ಕಾರಿನ ಎಡಗಡೆ ಅಂತ ಹೇಳು ಅಕ್ಕ. ಕಾರಿಗೆ ಒಂದೇ ಎಡಗಡೆ ಇರೋದು."

ಅಕ್ಕ ಮೂರು ಕೊಕ್ಕೆಗಳವರೆಗೆ ಮಾತು ಸಾಗಿಸಿದಳು. ಒತ್ತಿದ್ದಾನಂತೆ. ಹಿಡಿದಿದ್ದಾನಂತೆ. ಜೋರಾಗಿ ಎಳೀಬೇಡವಂತೆ. ಎಳೆದಿಲ್ಲವಂತೆ. ನಾಲ್ಕನೆಯದಕ್ಕೆ ಅವಳಿಗೆ ಸಾಕಾಯಿತು.

"ನಾನೇನು ಪೋಸ್ಟಾಫೀಸಾ? ನಾನು ಚಹಾ ತರೋಕೆ ಹೋಗ್ತೀನಿ. ಫ್ಲಾಸ್ಕ್ ಎಲ್ಲಿದೆ? ಬರೋ ಅಷ್ಟರಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದರೆ, ಉಳಿದವನು ಕೆಲಸ ಮುಗಿಸಿರಬೇಕು."

ಅವಳು ಹೋದಳು. ನಾಲ್ಕನೆಯ ಕೊಕ್ಕೆ ಅಣ್ಣನ ಬೆರಳ ಕೆಳಗಿತ್ತು, ಹೇಳುವವರು ಯಾರೂ ಇರಲಿಲ್ಲ.

"ಒತ್ತಿದೆ" ಎಂದಿತು ಗ್ರಿಲ್ಲಿನ ಆಚೆಯ ದನಿ.

"ಹಿಡಿದೆ" ಎಂದ ಪೇಂಟರ್.

"ಐದು. ಒತ್ತಿದೆ."

"ಹಿಡಿದೆ."

ಕೆಲಸದ ಮಾತಿಗೆ ಮಾನ ಅಪಮಾನ ಇಲ್ಲ. ಏಳನೆಯದಕ್ಕೆ ಬರುವಷ್ಟರಲ್ಲಿ ಒತ್ತಿದೆ ಹಿಡಿದೆಗಳು ಗಡಿಯಾರದ ಹಾಗೆ ನಡೆಯುತ್ತಿದ್ದವು. ಪೇಂಟರ್ ಮಂಡಿಯೂರಿ ಕೂತಿದ್ದ. ಗ್ರಿಲ್ಲಿನ ಕಡ್ಡಿಗಳ ಸಂದಿಯಿಂದ ಅಣ್ಣನ ಮುಖ ಹೋಳು ಹೋಳಾಗಿ ಕಾಣುತ್ತಿತ್ತು: ಒಂದು ಸಂದಿಯಲ್ಲಿ ಹುಬ್ಬು, ಇನ್ನೊಂದರಲ್ಲಿ ಮೂಗು, ಕೆಳಗಿನದರಲ್ಲಿ ಮೀಸೆ. ಮೀಸೆ ಬೆಳ್ಳಗಾಗಿತ್ತು. ಯಾವಾಗ ಬೆಳ್ಳಗಾಯಿತೋ, ಅವನು ನೋಡಿಯೇ ಇರಲಿಲ್ಲ.

ಹನ್ನೊಂದನೆಯದು ಬಂತು. ಹನ್ನೆರಡನೆಯದು ಕದಲಲಿಲ್ಲ.

"ಪ್ಲಾಸ್ಟಿಕ್ ತಣ್ಣಗಾಗಿದೆ" ಎಂದ ಅಣ್ಣ. "ಬಿಸಿನೀರು ಹಾಕು."

"ಹೇಗೆ ಹಾಕಲಿ? ಎರಡು ಕೈಯಲ್ಲೂ ಹನ್ನೊಂದು ಹಿಡಿದಿದ್ದೀನಿ. ಬಿಟ್ಟರೆ ಎಲ್ಲಾ ವಾಪಸ್ ಹೋಗುತ್ತೆ. ನೀನು ಹಾಕು."

"ನಾನು ಬೆರಳು ತೆಗೆದರೂ ಅದೇ ಕಥೆ."

ಇಬ್ಬರೂ ಯೋಚಿಸಿದರು. ಯೋಚಿಸಲು ಏನೂ ಇರಲಿಲ್ಲ. ಅಕ್ಕ ಬರುವ ತನಕ ಹೀಗೇ ಇರಬೇಕು, ಒಬ್ಬ ಬಗ್ಗಿಕೊಂಡು, ಒಬ್ಬ ಮಂಡಿಯೂರಿ. ಓಡಿಹೋಗುವ ಹಾಗಿಲ್ಲ, ಗೋಡೆ ನೋಡುವ ಹಾಗಿಲ್ಲ, ಸುತ್ತಿಗೆ ಮುಟ್ಟುವ ಹಾಗಿಲ್ಲ. ಪೇಂಟರನ ಮೂಗು ಆ ಹೊತ್ತಿಗೇ ಸರಿಯಾಗಿ ತುರಿಸತೊಡಗಿತು.

"ಅಣ್ಣ."

"ಮಾತಾಡಬೇಡ, ಕೈ ಅಲುಗುತ್ತೆ."

"ಆ ವ್ಯಾನಿನ ಬಾಗಿಲು..."

"ಅಲುಗಿಸಬೇಡ ಅಂದೆ."

"ಅವತ್ತು ಸಾಯಂಕಾಲವೇ ಹೊಡೆದುಬಿಟ್ಟಿದ್ದೆ. ನೀನು ಬೆಳಿಗ್ಗೆ ತನಕ ಮುಟ್ಟಬೇಡ ಅಂದಿದ್ದೆ. ತಪ್ಪು ನಂದು." ಒಂದೇ ಉಸಿರಿಗೆ ಹೇಳಿ ಮುಗಿಸಿದ. ಕೈ ಅಲುಗಲಿಲ್ಲ, ದನಿ ಅಲುಗಿತು.

ಗ್ರಿಲ್ಲಿನ ಆಚೆ ಮೀಸೆ ಕದಲಿತು.

"ಗೊತ್ತು" ಎಂದಿತು.

"ಗೊತ್ತಾ?"

"ನಾನು ಮೆತ್ತಿದ ಪುಟ್ಟಿ ಎಷ್ಟು ಹೊತ್ತಿಗೆ ಒಣಗುತ್ತೆ ಅಂತ ನನಗೆ ಗೊತ್ತಿರಲ್ವೇನೋ?"

"ಗೊತ್ತಿದ್ದೂ ಎಂಟು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆಯಾ?"

"ನೀನೇ ಹೇಳಲಿ ಅಂತ ಕೂತಿದ್ದೆ. ಬಾಗಿಲು ಹಾಳಾದರೆ ಹೋಗಲಿ, ಇನ್ನೊಂದು ಸಲ ಮಾಡಿದರಾಯಿತು. ಹೊರಗಿನವನ ಮುಂದೆ ನನ್ನ ಕೈ ಸರಿ ಇಲ್ಲ ಅಂದೆಯಲ್ಲ. ಸುತ್ತಿಗೆ ಹಿಡಿಯೋದು, ಉಪ್ಪುಕಾಗದ ಹಿಡಿಯೋದು ನಿನಗೆ ಕಲಿಸಿದ ಕೈ ಇದು."

ಪೇಂಟರನಿಗೆ ಕಣ್ಣು ಉರಿಯಿತು, ಒರೆಸಿಕೊಳ್ಳಲು ಕೈ ಇರಲಿಲ್ಲ. "ಭಾನುವಾರ ಹೋಗಬೇಡ" ಎಂದ.

"ಅದನ್ನು ಯಾರು ಹೇಳಿದರು ನಿನಗೆ?"

"ಇಡೀ ಬೀದಿಗೆ ಗೊತ್ತು."

"ಈಗ ಬಾಯಲ್ಲಿ ಹೇಳಿದೆ, ಸರಿ. ನಿನ್ನ ಬಾಯಿ ಯಾವತ್ತೂ ಚುರುಕೇ. ಬಾಯಿ ನಂಬಿಕೊಂಡು ಒಂದೇ ಶೆಡ್ಡಿನಲ್ಲಿ ಇರೋಕೆ ನನಗೆ ಆಗಲ್ಲ. ನಾಳೆ ಇನ್ನೊಂದು ಬಾಗಿಲು ಬರುತ್ತೆ, ಮತ್ತೆ ಬೆರಳಿಟ್ಟು ನೋಡ್ತೀಯ."

"ನೋಡಲ್ಲ."

"ನೋಡೋಣ."

ಅಕ್ಕ ಫ್ಲಾಸ್ಕ್ ಹಿಡಿದುಕೊಂಡು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. "ಏನ್ರೋ ಇದು, ಫೋಟೋ ತೆಗೆಸಿಕೊಳ್ಳೋಕೆ ನಿಂತಿದ್ದೀರಾ?"

"ಬಿಸಿನೀರು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಅಕ್ಕ ಕೆಟಲ್ ಅಲ್ಲಾಡಿಸಿದಳು. ಖಾಲಿ. ಅವಳು ಹಿಂದೆಮುಂದೆ ನೋಡುವವಳಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಹೊಗೆಯಾಡುವ ಚಹಾವನ್ನು ಗ್ರಿಲ್ಲಿನ ಮೇಲೆ ಹೊಯ್ದಳು. "ಇದೂ ಬಿಸಿಯೇ."

"ಅಯ್ಯಯ್ಯೋ, ನನ್ನ ಕೈ!" ಎಂದ ಅಣ್ಣ. "ಹನ್ನೆರಡು ಬಂತು!"

"ಹಿಡಿದೆ!"

"ಹದಿಮೂರು!"

"ಹಿಡಿದೆ ಹಿಡಿದೆ!"

ಹದಿನಾಲ್ಕನೆಯದನ್ನು ಅಣ್ಣ ಒತ್ತುವುದಕ್ಕೂ ಪೇಂಟರ್ ಎಳೆಯುವುದಕ್ಕೂ ಸರಿಹೋಯಿತು. ಅಷ್ಟುದ್ದದ ಕ್ರೋಮ್ ಅಂಚು ಪೂರ್ತಿಯಾಗಿ ಕಿತ್ತು ಬಂತು. ಪೇಂಟರ್ ಅದರ ಸಮೇತ ಹಿಂದಕ್ಕೆ ಉರುಳಿ, ಚಹಾದ ಮಡುವಿನಲ್ಲಿ ಅಂಗಾತ ಬಿದ್ದ. ಬಿದ್ದಲ್ಲೇ ಕೊಕ್ಕೆಗಳನ್ನು ಎಣಿಸಿದ. ಹದಿನಾಲ್ಕು. ಒಂದೂ ಮುಕ್ಕಾಗಿರಲಿಲ್ಲ. ಅವನಿಗೆ ನಗು ಬಂತು. ಬಾನೆಟ್ಟಿನ ಒಳಗಿಂದಲೂ ನಗು ಬಂತು, ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಅಣ್ಣ ತಲೆ ಎತ್ತಿದ ರಭಸಕ್ಕೆ ಬಾನೆಟ್ ತಗುಲಿ ಟಣ್ ಎಂದಿತು. "ಒಂದು ಏಟು!" ಎಂದಳು ಅಕ್ಕ. "ಆಗಲಿ ಅಂತ ಅರ್ಥ!" ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆದರೆ ಕೆಲಸ ಮುಗಿದಿರಲಿಲ್ಲ. ಕೊಕ್ಕೆ ಕಿತ್ತ ಕಡೆಯಲ್ಲೆಲ್ಲ ಹದಿನಾಲ್ಕು ತೂತು ಬಾಯಿ ತೆರೆದಿದ್ದವು. ಅವನ್ನು ಮುಚ್ಚದೆ ಬಣ್ಣ ಹೊಡೆಯುವ ಹಾಗಿಲ್ಲ. ಅಣ್ಣ ಪುಟ್ಟಿ ಕಲಸಿದ. ಒಂದೊಂದೇ ತೂತಿಗೆ ಚಾಕುವಿನ ತುದಿಯಿಂದ ಮೆತ್ತಿ, ಕಾದು, ಉಜ್ಜಿ, ತಗ್ಗು ಕಂಡಲ್ಲಿ ಮತ್ತೆ ಮೆತ್ತಿದ. ಪೇಂಟರ್ ಕಾರಿನ ಮುಂಭಾಗಕ್ಕೆಲ್ಲ ಕಾಗದ ಹೊದಿಸಿ ಟೇಪು ಅಂಟಿಸಿದ, ಇಟ್ಟಿಗೆ ಬಣ್ಣವನ್ನು ಮೂರು ಸಲ ಹೋಲಿಸಿ ಸರಿ ಮಾಡಿದ, ಗಟ್ಟಿಯಾಗಲು ಹಾರ್ಡನರ್ ಬೆರೆಸಿದ, ಸ್ಪ್ರೇ ಗನ್ನಿಗೆ ತುಂಬಿಕೊಂಡ. ಗಂಟೆ ನಾಲ್ಕೂವರೆ.

ಅಣ್ಣ ಕೊನೆಯ ಸಲ ಮೆತ್ತಿದ್ದರ ಮೇಲೆ ಉಪ್ಪುಕಾಗದ ಆಡಿಸಿ, ಎದ್ದು ಹೋದ. ಶೆಡ್ಡಿನ ಮೂಲೆಯ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ. ಬೆಳಿಗ್ಗೆ ತನಕ ಮುಟ್ಟಬೇಡ ಎನ್ನಲಿಲ್ಲ.

"ಇನ್ನೇನು ನೋಡ್ತಾ ಇದ್ದೀಯ? ಹೊಡಿ" ಎಂದಳು ಅಕ್ಕ.

ಪೇಂಟರ್ ಗ್ರಿಲ್ಲಿನ ಮುಂದೆ ಕೂತ. ಬೂದುಬಣ್ಣದ ಹದಿನಾಲ್ಕು ಮಚ್ಚೆಗಳು. ನೋಡಲು ಒಣಗಿದ್ದವು, ಎಲ್ಲವೂ. ಅವನ ತೋರುಬೆರಳು ತಾನಾಗಿ ಮುಂದಕ್ಕೆ ಹೋಯಿತು. ಅರ್ಧ ದಾರಿಯಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಂಡು ಮುಷ್ಟಿಯೊಳಗೆ ಮಡಚಿಟ್ಟ. ಮೂಲೆಯಲ್ಲಿ ನಲ್ಲಿ ಹರಿಯುತ್ತಲೇ ಇತ್ತು. ಅಷ್ಟು ಹೊತ್ತು ತೊಳೆಯುವಂಥ ಕೊಳೆ ಯಾರ ಕೈಯಲ್ಲೂ ಇರುವುದಿಲ್ಲ.

"ಇಲ್ಲ" ಎಂದ.

"ಏನು ಇಲ್ಲ?"

"ಇವತ್ತು ಹೊಡೆಯಲ್ಲ. ಪುಟ್ಟಿ ಒಣಗಬೇಕು."

"ಒಣಗಿದೆಯಲ್ಲೋ! ಕಣ್ಣಿಗೆ ಕಾಣ್ತಾ ಇದೆ!"

"ಮೇಲೆ ಒಣಗಿದೆ. ಒಳಗೆ ಹಸಿ. ಈಗ ಹೊಡೆದರೆ ಗುಳ್ಳೆ ಏಳುತ್ತೆ."

"ನಾಳೆ ಆರು ಗಂಟೆಗೆ ನಾನು ಹೊರಡಬೇಕು!"

"ಹೊರಡು. ಹೀಗೇ ಹೋಗು."

"ಹೀಗೆ!" ಅಕ್ಕನ ದನಿಗೆ ಪಾರಿವಾಳಗಳು ಮತ್ತೆ ಎದ್ದವು. "ಸಿಡುಬು ಬಂದ ಮೂತಿ ಇಟ್ಟುಕೊಂಡು ಹೋಗಬೇಕಾ? ಬೆಳಿಗ್ಗೆ ಹಲ್ಲಾದರೂ ಇತ್ತು ಇದಕ್ಕೆ! ನಾನು ನಿನ್ನನ್ನ ಎತ್ತಿ ಆಡಿಸಿದವಳು ಕಣೋ. ನಿನ್ನ ಮೂಗು ಒರೆಸಿದವಳು. ಈ ಒಂದು ಕೆಲಸ ಮಾಡಿಕೊಡೋಕೆ ಆಗಲ್ವಾ ನಿನಗೆ?"

ಪೇಂಟರನಿಗೆ ಅಕ್ಕ ಎಂದರೆ ಈಗಲೂ ಹೆದರಿಕೆ. ಆದರೂ ಎದ್ದ. ಗನ್ನಿನ ಬಣ್ಣವನ್ನೆಲ್ಲ ಮೂಲೆಯಲ್ಲಿ ಬಿದ್ದಿದ್ದ ಹಳೆಯ ತಗಡಿನ ಮೇಲೆ ಸುರಿದ. ಹಾರ್ಡನರ್ ಬೆರೆತ ಬಣ್ಣ ಮತ್ತೆ ಡಬ್ಬಿಗೆ ಹೋಗುವುದಿಲ್ಲ, ಸುರಿದರೆ ಹೋಯಿತು. ಮಧ್ಯಾಹ್ನವೆಲ್ಲ ಕೂತು ಹೊಂದಿಸಿದ ಬಣ್ಣ ತಗಡಿನ ಮೇಲೆ ಹರಡಿಕೊಂಡಿತು.

ನಲ್ಲಿ ನಿಂತಿತು.

ಅಣ್ಣ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಬಂದ. ತಗಡಿನ ಮೇಲಿನ ಬಣ್ಣ ನೋಡಿದ, ಗ್ರಿಲ್ಲಿನ ಮಚ್ಚೆಗಳನ್ನು ನೋಡಿದ, ತಮ್ಮನನ್ನು ನೋಡಲಿಲ್ಲ.

"ಅಕ್ಕ, ನಾಳೆ ಹೀಗೇ ಹೋಗಿ ಬಾ. ಸೋಮವಾರ ಬೆಳಿಗ್ಗೆ ಕಾರು ತಗೊಂಡು ಬಾ. ನಾನು ಸಣ್ಣದಾಗಿ ಉಜ್ಜಿ ಕೊಡ್ತೀನಿ, ಇವನು ಹೊಡೀತಾನೆ."

ಪೇಂಟರ್ ಗನ್ ಕೆಳಗಿಟ್ಟ. "ಸೋಮವಾರ ಯಾರು ಉಜ್ಜೋದು?"

"ಕಿವಿ ಕೇಳಲ್ವಾ ನಿನಗೆ?"

"ಕೇಳಲ್ಲ. ಇನ್ನೊಂದು ಸಲ ಹೇಳು."

ಅಣ್ಣ ಹೇಳಿದ. ಒಂದು ಸಲವಲ್ಲ, ಎಂಟು ತಿಂಗಳದ್ದನ್ನು ಸೇರಿಸಿ ಹೇಳಿದ. ಕತ್ತೆ ಎಂದ, ಮುಂಗೋಪಿ ಎಂದ, ಕಂಪ್ರೆಸರ್ ಆಫ್ ಮಾಡು ಎಂದು ಗೋಡೆಗೆ ಹೇಳುವ ಹುಚ್ಚ ಎಂದ. ಸ್ಕ್ರೂಡ್ರೈವರ್ ತೆಗೆದುಕೊಂಡು ಕ್ರೋಮ್ ಮೀಟಲು ಹೋಗುವವನು ಗ್ಯಾರೇಜಿನಲ್ಲಿರಬಾರದು, ಕಲ್ಲು ಕ್ವಾರಿಯಲ್ಲಿರಬೇಕು ಎಂದ. ಐಸ್‌ಕ್ರೀಮ್ ಕಡ್ಡಿಯ ಬುದ್ಧಿವಂತಿಕೆಯ ಬಗ್ಗೆ ಪ್ರತ್ಯೇಕವಾಗಿ ಹೇಳಿದ. ಪೇಂಟರ್ ತಲೆ ತಗ್ಗಿಸಿ ಕೇಳಿದ. ತಲೆ ತಗ್ಗಿಸಿದ್ದರಿಂದ ನಗು ಯಾರಿಗೂ ಕಾಣಲಿಲ್ಲ. ಅಣ್ಣ ಉಸಿರು ತೆಗೆದುಕೊಳ್ಳಲು ನಿಂತಾಗ, "ದಿಮ್ಮಿ ಹೊರೋ ಜನಕ್ಕೆ ಬೇಡ ಅಂತ ಫೋನ್ ಮಾಡ್ತೀಯ ತಾನೆ?" ಎಂದ.

"ನಿಮ್ಮತ್ತಿಗೆ ಇಷ್ಟು ಹೊತ್ತಿಗೆ ಮಾಡಿರ್ತಾಳೆ. ನಾನು ಕೈ ತೊಳೀತಾ, ನಲ್ಲಿ ಸದ್ದಿನ ಮರೆಯಲ್ಲಿ ಅವಳಿಗೆ ಫೋನಿನಲ್ಲಿ ಹೇಳಿದೆ."

"ಕೈ ತೊಳೆಯುವಾಗಲೇನಾ? ಅಂದರೆ ನಾನು ಬಣ್ಣ ಸುರಿಯೋ ಮುಂಚೆನಾ?"

"ಬೆರಳು ಹಿಂದಕ್ಕೆ ತಗೊಂಡಾಗ." ಅಣ್ಣ ಮೀಸೆ ಸವರಿಕೊಂಡ. "ಬಣ್ಣ ಸುರೀತೀಯ ಅಂತ ನನಗೇನು ಗೊತ್ತಿತ್ತು? ಸುಮ್ಮನೆ ವೇಸ್ಟ್ ಮಾಡಿದೆ, ದಂಡಪಿಂಡ."

ಅಕ್ಕ ಅಷ್ಟರಲ್ಲಿ ಕಾರಿಗೆ ಹೊದಿಸಿದ್ದ ಕಾಗದವನ್ನೆಲ್ಲ ಪರಪರ ಕಿತ್ತು ಹಾಕಿದ್ದಳು. ಕ್ರೋಮ್ ಅಂಚನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದಳು. ಚಾಲಕನ ಸೀಟಿನಲ್ಲಿ ಕೂತು, ಕನ್ನಡಿ ಸರಿ ಮಾಡಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ರಿವರ್ಸ್ ಮೇಡಂ ಇದನ್ನ ನೋಡಿ ನಕ್ಕರೆ, ಕ್ರೋಮ್ ಕೊಡಲ್ಲ ಅಂತೀನಿ. ಸರಿಯಿರೋ, ಹಿಂದೆ ತಗೋಬೇಕು. ದಾರಿ ಹೇಳಿ."

"ಎಡಕ್ಕೆ ತಿರುಗಿಸು" ಎಂದ ಅಣ್ಣ.

"ಬಲಕ್ಕೆ, ಬಲಕ್ಕೆ!" ಎಂದ ಪೇಂಟರ್.

"ಯಾರ ಬಲಕ್ಕೋ? ಕಾರಿಗೆ ಒಂದೇ ಬಲ ಇರೋದು, ಅದು ಆ ಕಡೆ. ಅಕ್ಕ, ಎಡಕ್ಕೆ!"

"ಅಲ್ಲಿ ನನ್ನ ಬಣ್ಣದ ಡಬ್ಬಿ ಇದೆ! ಬಲಕ್ಕೆ ಅಂದೆ!"

"ನಿನ್ನ ಡಬ್ಬಿ ಯಾರು ಅಲ್ಲಿ ಇಡು ಅಂದರು? ಅದು ನನ್ನ ಜಾಗ!"

ಕಾರು ಒಂದು ಗೇಣು ಹಿಂದಕ್ಕೆ ಹೋಗಿ, ಎಗರಿ, ಬಂದ್ ಆಗಿ ನಿಂತಿತು. ಅಕ್ಕ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು, ಎರಡೂ ಕೈಯಿಂದ ಹಾರ್ನ್ ಒತ್ತಿ ಹಿಡಿದಳು. ಆ ಸದ್ದಿನಲ್ಲೂ ಇಬ್ಬರೂ ಕೂಗಾಡುತ್ತಲೇ ಇದ್ದರು, ಡಬ್ಬಿಯ ಬಗ್ಗೆ, ಎಡದ ಬಗ್ಗೆ, ಬಲದ ಬಗ್ಗೆ, ಒಬ್ಬರ ಮೇಲೊಬ್ಬರು, ಕೈ ಬೀಸಿಕೊಂಡು, ಬಿಟ್ಟುಹೋದ ಮಾತನ್ನೆಲ್ಲ ಕತ್ತಲಾಗುವ ಮುಂಚೆ ಆಡಿ ಮುಗಿಸಬೇಕೆಂಬ ಹಾಗೆ.